ಕೇಳಿಕೊಂಡ ಮೇಲೆ ಕಾಯುವುದು

ನಮ್ಮ ಕಡೆ ಮಂಗಳವಾರ ಅಂದರೆ ಡೋರ್ನಹಳ್ಳಿ. ಕೆ.ಆರ್. ನಗರದ ಹತ್ತಿರದ ಈ ಹಳ್ಳಿಯಲ್ಲಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಇದೆ. ಮೈಸೂರಿನಿಂದ ಬಸ್ಸೂ ಇದೆ, ರೈಲೂ ಇದೆ. ನನಗೆ ರೈಲೇ ಇಷ್ಟ. ಸಾಗರಕಟ್ಟೆ ಸೇತುವೆ ಬಂದಾಗ ಕೆಆರ್‌ಎಸ್ ಹಿನ್ನೀರು ಕಾಣುತ್ತದೆ. ನೀರು ಎಲ್ಲಿಯವರೆಗೆ ಬಂದಿದೆ ಅಂತ ಬೋಗಿಯಲ್ಲಿ ಕೂತವರು ಕಿಟಕಿಗೆ ಬಗ್ಗಿ ನೋಡುತ್ತಾರೆ.

ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮಣ್ಣಿನಲ್ಲಿ ಮರದ ಪ್ರತಿಮೆಯೊಂದು ಸಿಕ್ಕಿತಂತೆ. ಅದು ಯಾರದು ಅಂತ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಕನಸಿನಲ್ಲಿ ಸಂತರೇ ಬಂದು ತಮಗೊಂದು ಗುಡಿ ಬೇಕು ಅಂದರು ಅಂತ ಊರವರು ಹೇಳುತ್ತಾರೆ. ಅಲ್ಲಿಂದ ಶುರುವಾದ ಈ ಜಾಗಕ್ಕೆ 2019ರಲ್ಲಿ ಬಸಿಲಿಕ ಎಂಬ ಗೌರವ ಸಿಕ್ಕಿತು. ಆದರೆ ಬರುವ ಜನರಿಗೆ ಬಿರುದಿನ ಚಿಂತೆ ಇಲ್ಲ. ಹಣೆಗೆ ಕುಂಕುಮ ಇಟ್ಟವರು, ಕೊರಳಲ್ಲಿ ಶಿಲುಬೆ ಹಾಕಿದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜೂನ್ 13ರ ಹಬ್ಬಕ್ಕಂತೂ ಕಾಲಿಡಲು ಜಾಗ ಇರುವುದಿಲ್ಲ.

ಹಬ್ಬಕ್ಕೆ ಮುಂಚಿನ ಒಂದು ಮಂಗಳವಾರ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಇದ್ದರು. ಮಂಡ್ಯ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಸಂತರ ಮುಂದೆ ನಿಂತು ಕಣ್ಣು ಮುಚ್ಚಲಿಲ್ಲ. ನೇರ ಮುಖ ನೋಡಿಕೊಂಡು, ಸುತ್ತ ಜನ ಇದ್ದಾರೆ ಅನ್ನೋ ಅಳುಕೇ ಇಲ್ಲದೆ ಹೇಳಿದರು: "ಅಂತೋಣಪ್ಪ, ನನ್ ಮಗ ಮತ್ತೆ ಪರೀಕ್ಷೆ ಬರೀತಾವ್ನೆ. ಲೆಕ್ಕದ ಪೇಪರ್ರು. ಹೋದ್ ಸಲ ಅದ್ರಲ್ಲೇ ಹೋಯ್ತು. ಅವನ್ಗೆ ಲೆಕ್ಕ ಬತ್ತದೆ, ಹೆದರ್ಕತಾನೆ ಅಷ್ಟೆ. ಆ ಹೆದರಿಕೆ ತಗಿ." ಕೈಯಲ್ಲಿ ಹಾಲ್‌ಟಿಕೆಟ್ಟಿನ ಜೆರಾಕ್ಸ್ ಇತ್ತು. ನಾಲ್ಕು ಮಡಿಕೆಯಾಗಿ, ಅಂಚು ಬೆವರಿಗೆ ಮೆತ್ತಗಾಗಿತ್ತು. ಅದನ್ನು ಬಿಡಿಸಿ ಒಂದು ಗಳಿಗೆ ಎತ್ತಿ ಹಿಡಿದರು, ಮತ್ತೆ ಮಡಚಿ ಪರ್ಸಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದ್ದು ಇಷ್ಟೇ: "ಕೃತಜ್ಞತೆ ಪೂಜೆಗೆ ಎಲ್ಲಿ ಬರೆಸ್ಬೇಕವ್ವ? ರಿಸಲ್ಟ್ ಬಂದ್ ವಾರಕ್ಕೆ ಬೇಕಾಗಿತ್ತು."

ಹುಡುಗ ಇನ್ನೂ ಪರೀಕ್ಷೆಯನ್ನೇ ಬರೆದಿರಲಿಲ್ಲ.

ನಾನು ಹುಟ್ಟು ಕ್ರೈಸ್ತಳು. ಮನೆಯಲ್ಲಿ ದಿನಾ ಸಂಜೆ ಜಪಮಾಲೆ, ಭಾನುವಾರ ತಪ್ಪದೆ ಚರ್ಚಿನಲ್ಲಿ ಬಲಿಪೂಜೆ. ಆದರೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಪ್ರಾರ್ಥನೆ ಒಂದು ಮರ್ಯಾದೆಯ ಮಾತಾಗಿಬಿಟ್ಟಿರುತ್ತದೆ. "ಎಲ್ಲರಿಗೂ ಒಳ್ಳೆಯದು ಮಾಡು ಸ್ವಾಮಿ, ನಿನ್ನ ಚಿತ್ತದಂತೆ ಆಗಲಿ" ಅಂತ ಮುಗಿಸಿ ಏಳುತ್ತೇವೆ. ಇಂಥದ್ದೇ ಬೇಕು ಅಂತ ಕೇಳಿದರೆ ತಾನೇ, ಆಗಲಿಲ್ಲ ಅಂತ ನೋವಾಗೋದು? ಅದಕ್ಕೇ ಕೇಳುವುದಿಲ್ಲ. ಕೇಳಿದರೂ ಕಾಯುವುದಿಲ್ಲ. ದೇವರು ಕೊಡಬಹುದು ಅಂತ ಎದುರು ನೋಡುವುದೇ ಪ್ರಾರ್ಥನೆಯಲ್ಲಿ ಕಷ್ಟದ ಭಾಗ ಅಂತ ನನಗೆ ಅನ್ನಿಸುತ್ತದೆ. ಮಂಡಿಯೂರುವುದು ಅದಕ್ಕಿಂತ ಎಷ್ಟೋ ಸುಲಭ.

ಯೇಸುಸ್ವಾಮಿ ಮಾತ್ರ ಇಂಥದ್ದು ಬೇಕು ಅಂತಲೇ ಕೇಳಿಸಿಕೊಳ್ಳಲು ಇಷ್ಟಪಡುತ್ತಾರೆ. ಜೆರಿಕೊ ಊರಿನ ದಾರಿ ಬದಿಯಲ್ಲಿ ಕೂತಿದ್ದ ಕುರುಡ ಬಾರ್ತಿಮಾಯ ಕೂಗಿ ಕರೆದಾಗ ಅವರು ನಿಂತರು. ಅವನ ಕಷ್ಟ ಏನು ಅಂತ ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಏನು ಬೇಕು ಅಂತ ಅವನನ್ನೇ ಕೇಳಿದರು. ಕಣ್ಣು ಬೇಕು ಅಂದ ಅವನು. ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿದ್ದ, ಬೈಬಲ್ಲಿನಲ್ಲಿ ಈ ಕಥೆ ಬರೆದ ಮಾರ್ಕನು ಅದನ್ನು ಮರೆಯದೆ ಬರೆದಿದ್ದಾನೆ: ಮೈಮೇಲಿನ ಹೊದಿಕೆ ಬಿಸಾಕಿ ನೆಗೆದು ಎದ್ದ. ಭಿಕ್ಷೆಗೆ ಕೂರುವವನಿಗೆ ಆ ಹೊದಿಕೆ ಅಂದರೆ ಆಸ್ತಿ. ಕಣ್ಣು ಬಾರದಿದ್ದರೆ ಆ ಜನರ ಮಧ್ಯೆ ಅದನ್ನು ಮತ್ತೆ ಹುಡುಕುವುದು ಹೇಗೆ? ಅವನು ಅದನ್ನು ಯೋಚಿಸಲೇ ಇಲ್ಲ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಬೈಬಲ್ಲಿನಲ್ಲಿದೆ. ಅರಸ ಹೆರೋದ ಯೇಸುವಿನ ಶಿಷ್ಯ ಪೇತ್ರನನ್ನು ಸೆರೆಮನೆಗೆ ಹಾಕಿಸಿದ್ದ. ಕ್ರೈಸ್ತ ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸೇರಿ ರಾತ್ರಿಯೆಲ್ಲ ಪ್ರಾರ್ಥನೆ ಮಾಡುತ್ತಿದ್ದರು. ದೇವದೂತ ಪೇತ್ರನನ್ನು ಬಿಡಿಸಿದ. ಪೇತ್ರ ನೇರ ಅದೇ ಮನೆಗೆ ಬಂದು ಬಾಗಿಲು ತಟ್ಟಿದ. ಕೆಲಸದ ಹುಡುಗಿ ರೋದೆ ಅವನ ದನಿ ಗುರುತು ಹಿಡಿದಳು. ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೂ ಮರೆತು ಒಳಗೆ ಓಡಿ ಹೇಳಿದಳು. ಒಳಗಿದ್ದವರು ಏನೆಂದರು ಗೊತ್ತಾ? ನಿನಗೆ ಹುಚ್ಚು ಅಂದರು! ಅವರು ಬೇಡುತ್ತಿದ್ದದ್ದು ಪೇತ್ರನಿಗಾಗಿಯೇ. ಪೇತ್ರ ಬಾಗಿಲಲ್ಲೇ ನಿಂತು ತಟ್ಟುತ್ತಾ ಇದ್ದ. ಈ ಭಾಗ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಒಳಗಿದ್ದವರ ನಂಬಿಕೆ ಅಷ್ಟು ಕಡಿಮೆಯಿದ್ದರೂ ದೇವರು ಪೇತ್ರನನ್ನು ಬಿಡಿಸಿಯೇ ಇದ್ದರು. ಆ ರಾತ್ರಿಯ ಸಂತೋಷ ಮಾತ್ರ ಮೊದಲು ಸಿಕ್ಕಿದ್ದು ರೋದೆಗೆ.

ಜೂನ್ ತಿಂಗಳಲ್ಲಿ ನಮ್ಮ ಭಾಗದವರಿಗೆ ಕಾಯುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ಕಣ್ಣು ಹೋಗುವುದು ಕೆಆರ್‌ಎಸ್ ನೀರಿನ ಮಟ್ಟಕ್ಕೆ. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು. ಕೊಡಗಿನಲ್ಲಿ ಮಳೆ ಹಿಡೀತಾ ಅಂತ ಅಲ್ಲಿರುವ ನೆಂಟರಿಗೆ ಫೋನ್ ಮಾಡಿ ಕೇಳುತ್ತಾರೆ. ನಾಲೆಗೆ ನೀರು ಬಿಡುವ ಮೊದಲೇ ಭತ್ತದ ಬಿತ್ತನೆ ಬೀಜ ತಂದು ಮನೆಯಲ್ಲಿ ಇಟ್ಟಿರುತ್ತಾರೆ. ಎಲೀಯ ಪ್ರವಾದಿಯ ಕಥೆ ನಮ್ಮವರಿಗೆ ಚೆನ್ನಾಗಿ ಹಿಡಿಸುವುದು ಇದಕ್ಕೇ ಇರಬೇಕು. ವರ್ಷಗಟ್ಟಲೆ ಬರ ಬಿದ್ದಿತ್ತು. ಎಲೀಯ ಕರ್ಮೆಲ್ ಬೆಟ್ಟದ ಮೇಲೆ ತಲೆ ಬಗ್ಗಿಸಿ ಕೂತು ಮಳೆಗಾಗಿ ಬೇಡಿದ. ಆಳನ್ನು ಕರೆದು, ಹೋಗಿ ಸಮುದ್ರದ ಕಡೆ ನೋಡಿ ಬಾ ಅಂದ. ಏನೂ ಇಲ್ಲ ಅಂತ ಬಂದ. ಮತ್ತೆ ಹೋಗು ಅಂದ. ಏಳನೇ ಸಲ ಅಂಗೈಯಷ್ಟು ಮೋಡ ಕಂಡಿತು. ಎಲೀಯನಿಗೆ ಅಷ್ಟೇ ಸಾಕಾಯಿತು. ಮಳೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಮೊದಲೇ ರಥ ಕಟ್ಟಿಸಿಕೊಂಡು ಹೊರಡು ಅಂತ ಅರಸ ಅಹಾಬನಿಗೆ ಹೇಳಿ ಕಳಿಸಿದ. ಆ ಆಳಿನ ಬಗ್ಗೆ ನಾನು ಜಾಸ್ತಿ ಯೋಚಿಸುತ್ತೇನೆ. ಆರು ಸಲ ಬರೀ ಆಕಾಶ ನೋಡಿ ಬಂದು, ಏಳನೇ ಸಲವೂ ಹೋದನಲ್ಲ, ಆ ನಡಿಗೆಯೂ ಪ್ರಾರ್ಥನೆಯೇ.

ಹರಕೆಯ ಬಗ್ಗೆ ಒಂದು ಮಾತು. ಇದು ಕೊಟ್ಟರೆ ಅದು ಕೊಡುತ್ತೇನೆ ಅನ್ನುವ ಲೆಕ್ಕ ಡೋರ್ನಹಳ್ಳಿಯಲ್ಲೂ ನಡೆಯುತ್ತದೆ. ಕಷ್ಟದಲ್ಲಿರುವವರ ಬಾಯಲ್ಲಿ ಅದು ಬರುವುದು ಸಹಜ, ಅದಕ್ಕಾಗಿ ಯಾರನ್ನೂ ಹಂಗಿಸಬಾರದು. ಆದರೆ ಕೊಡುವವರು ದೇವರು, ಅಂತೋಣಿಯವರು ನಮ್ಮ ಜೊತೆ ನಿಂತು ಬೇಡುವವರು. ಅಪ್ಪನ ಹತ್ತಿರ ಕೇಳುವ ಮಗುವಿಗೆ ಕೊಡುಕೊಳ್ಳುವ ವ್ಯವಹಾರ ಬೇಕಿಲ್ಲ.

ಇನ್ನು, ಸಿಗದೇ ಹೋದರೆ? ಇದನ್ನು ಬಿಟ್ಟು ಬರೆದರೆ ಅನ್ಯಾಯ.

ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ನಾನು, ಅಮ್ಮ ಡೋರ್ನಹಳ್ಳಿಗೆ ಒಂಬತ್ತು ಮಂಗಳವಾರದ ಪ್ರಾರ್ಥನೆ, ಅಂದರೆ ನವೇನ, ಹಿಡಿದೆವು. ಗುಣವಾಗಲಿ ಅಂತಲೇ ಕೇಳಿದೆವು, ಬೇರೆ ಏನನ್ನೂ ಕೇಳಲಿಲ್ಲ. ಒಂಬತ್ತು ತುಂಬುವ ಮೊದಲೇ ಅಪ್ಪ ಹೋದರು. ಸಾವಿನ ಮನೆಗೆ ಬಂದ ಒಬ್ಬರು, ನಿಮ್ಮ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕಿತ್ತು ಅಂದರು. ಅಂಥ ಮಾತು ಆಡುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದು ಶುಭಸಂದೇಶದ ಮಾತಲ್ಲ. ಕಾಯಿಲೆಯ ಮಗನನ್ನು ತಂದ ಅಪ್ಪನೊಬ್ಬ ಯೇಸುವಿನ ಮುಂದೆ, ನಂಬುತ್ತೇನೆ ಸ್ವಾಮಿ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಅತ್ತನಲ್ಲ? ನಂಬಿಕೆ ಅಳೆದು ಕೊಡುವುದಾಗಿದ್ದರೆ ಅವನ ಮಗ ಗುಣವಾಗುತ್ತಲೇ ಇರಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸುವೇ ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿದರು. ಮೊದಲು ಬಾಯಿಬಿಟ್ಟು ಕೇಳಿದರು, ಆಮೇಲೆ ನಿನ್ನ ಚಿತ್ತ ಅಂದರು. ಪಾತ್ರೆ ದೂರವಾಗಲಿಲ್ಲ. ಅವರ ನಂಬಿಕೆ ಸಾಲಲಿಲ್ಲ ಅಂತ ಯಾರಾದರೂ ಹೇಳುತ್ತಾರಾ?

ಉಳಿದ ಮಂಗಳವಾರಗಳಿಗೂ ಅಮ್ಮ ಹೋದರು. ನಾನು ಬೇಡ ಅನ್ನಲಿಲ್ಲ, ಜೊತೆಗೆ ಹೋದೆ. ಮೊದಲಿನ ಹಾಗೇ ಅಪ್ಪನ ಹೆಸರು ಹೇಳಿ ಮೇಣದಬತ್ತಿ ಹಚ್ಚಿದರು. ಭಾನುವಾರದ ಪೂಜೆಯಲ್ಲಿ ನಾವು ವಿಶ್ವಾಸ ಪ್ರಮಾಣ ಹೇಳುತ್ತೇವೆ. ಅದರ ಕೊನೆಗೆ, ಸತ್ತವರು ಎದ್ದು ಬರುವುದನ್ನು ಎದುರು ನೋಡುತ್ತೇವೆ ಅಂತ ಬರುತ್ತದೆ. ಅಮ್ಮನಿಗೆ ಅದು ಬಾಯಿಪಾಠದ ಸಾಲಲ್ಲ. ಅವರು ಅಪ್ಪನನ್ನು ನಿಜವಾಗಿ ಎದುರು ನೋಡುತ್ತಿದ್ದಾರೆ. ಬೇಡಿದ್ದು ಬಿದ್ದುಹೋಗಿಲ್ಲ, ಕಾಯುವುದು ಉದ್ದವಾಗಿದೆ ಅಷ್ಟೇ. ಕ್ರಿಸ್ತ ಎದ್ದಿದ್ದಾರೆ ಅಂತ ನಂಬುವವರಿಗೆ ಸಮಾಧಿಯ ಹತ್ತಿರವೂ ಕಾಯುವ ಹಕ್ಕಿದೆ.

ಅಂತೋಣಿಯವರೂ ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಮೊರಾಕೊದಲ್ಲಿ ಪ್ರಾಣ ಕೊಟ್ಟ ಫ್ರಾನ್ಸಿಸ್ಕನ್ ಸನ್ಯಾಸಿ ಸಭೆಯ ಐವರು ಸಹೋದರರ ದೇಹಗಳನ್ನು 1220ರಲ್ಲಿ ಪೋರ್ಚುಗಲ್ಲಿಗೆ ತಂದಾಗ, ತಾನೂ ಹಾಗೇ ಕ್ರಿಸ್ತನಿಗಾಗಿ ಸಾಯಬೇಕು ಅಂತ ಆಸೆಪಟ್ಟು ಆ ಸಭೆ ಸೇರಿ ಮೊರಾಕೊಗೆ ಹೋದರು. ಅಲ್ಲಿ ಕಾಯಿಲೆ ಬಿದ್ದರು. ವಾಪಸ್ ಬರುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಇಟಲಿಯ ಒಂದು ಆಶ್ರಮದಲ್ಲಿ ಯಾರಿಗೂ ಗೊತ್ತಿಲ್ಲದೆ ಇದ್ದರು. 1222ರಲ್ಲಿ ಫೋರ್ಲಿ ಎಂಬ ಊರಲ್ಲಿ ಹೊಸ ಪಾದ್ರಿಗಳ ಗುರುದೀಕ್ಷೆಯ ದಿನ ಪ್ರಬೋಧನೆಗೆ ಯಾರೂ ಸಿದ್ಧರಿರಲಿಲ್ಲ. ನೀನೇ ಮಾತಾಡು ಅಂದರು ಹಿರಿಯರು. ಅವರ ಮಾತಿನ ಶಕ್ತಿ ಜನಕ್ಕೆ ಗೊತ್ತಾದದ್ದು ಅವತ್ತೇ. 1231ರ ಜೂನ್ 13ರಂದು ಪಾದುವಾ ಊರಿನ ಹತ್ತಿರ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ ಸಂತರೆಂದು ಘೋಷಣೆ ಆಯಿತು. ಇಂಥವರ ಮುಂದೆ ನಿಂತು ಬೇಡುವಾಗ, ಆಗದೇ ಹೋದ ಆಸೆಯ ನೋವು ಇವರಿಗೆ ಗೊತ್ತು ಅನ್ನೋ ಧೈರ್ಯ ನನಗಿರುತ್ತದೆ.

ಈ ಮಂಗಳವಾರ ತಂಗಿಯೂ ಬರುತ್ತಾಳೆ. ಬೆಂಗಳೂರಿನ ಕೆಲಸ ಹೋದಾಗಿನಿಂದ ಅವಳು ಏನನ್ನೂ ಕೇಳುವುದೇ ಬಿಟ್ಟಿದ್ದಾಳೆ. ಕೇಳಿ ಸಿಗದಿದ್ದರೆ ಏನು ಮಾಡಲಿ ಅಕ್ಕ ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. ಮತ್ತೆ ಹೋಗೋಣ, ಮತ್ತೆ ಕೇಳೋಣ ಅಂದೆ. ಅವಳಿಗೆ ಕೆಲಸ ಬೇಕು, ಅದು ಮೈಸೂರಿನಲ್ಲೇ ಬೇಕು, ಅಮ್ಮನ ಹತ್ತಿರ ಇರಬೇಕು. ಅಷ್ಟನ್ನೂ ಹಾಗೇ ಹೇಳು, ಸಂಕೋಚ ಬೇಡ ಅಂತ ಹೇಳಿದ್ದೇನೆ.