ಲಿವರ್ ಅಲುಗದಿದ್ದರೆ ಮೊದಲು ಹಿಂದಿನ ಲೈಟು ನೋಡ್ರಿ

14 ಮೇ 2025, ಬುಧವಾರ
ಕಲಬುರಗಿ

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಸೇಡಂ ರಸ್ತೆ ಕಡೆಯ ಒಬ್ಬ ಮಾಸ್ತರರ ಫೋನು. ಅವರದು ಹಳೇ ಆಟೋಮ್ಯಾಟಿಕ್ ಕಾರು. "ಗಾಡಿ ಚಾಲೂ ಆಗ್ತದ್ರಿ, ಗೇರ್ ಲಿವರ್ ಮಾತ್ರ ಪಿ, ಅಂದ್ರ ಪಾರ್ಕಿಂಗ್, ಬಿಟ್ಟು ಅಲುಗವಲ್ದು. ನಿನ್ನೆ ಒಬ್ಬ ಮಿಸ್ತ್ರಿ ಬಂದಿದ್ದ, ಗೇರ್ ಬಾಕ್ಸೇ ಹೋಗ್ಯಾದ ಅಂದ" ಅಂದರು. ದನಿಯಲ್ಲೇ ಖರ್ಚಿನ ಅಂಜಿಕೆ ಇತ್ತು.

ಹೀಗೆ ಹೆದರಿಸುವುದು ನನಗೆ ಸೇರುವುದಿಲ್ಲ. ಗೇರ್ ಬಾಕ್ಸ್ ಕೆಟ್ಟರೆ ಸಾಮಾನ್ಯವಾಗಿ ಲಿವರ್ ಸರಿಯುತ್ತದೆ, ಗಾಡಿ ಸರಿಯುವುದಿಲ್ಲ. ಲಿವರೇ ಸರಿಯದಿದ್ದರೆ ಮೊದಲ ಸಂಶಯ ಶಿಫ್ಟ್ ಲಾಕ್ ಮೇಲೆ, ಅಂದರೆ ಬ್ರೇಕ್ ಒತ್ತುವ ತನಕ ಲಿವರನ್ನು ಪಿಯಲ್ಲೇ ಹಿಡಿದಿಡುವ ಬೀಗ.

ಹೋದವನೇ "ಮಾಸ್ತರ್ರೀ, ಕೀ ಆನ್ ಮಾಡಿ ಬ್ರೇಕ್ ಒತ್ತಿ ಹಿಡೀರಿ" ಅಂದು ಗಾಡಿ ಹಿಂದೆ ನಿಂತೆ. ಒಂದೂ ಬ್ರೇಕ್ ಲೈಟ್ ಹತ್ತಲಿಲ್ಲ. ಮೂರೂ ಬಲ್ಬು ಒಟ್ಟಿಗೆ ಸುಡುವುದು ಅಪರೂಪ. ಫ್ಯೂಸ್ ತೆಗೆದು ನೋಡಿದೆ, ಸರಿ ಇತ್ತು. ಉಳಿದದ್ದು ಪೆಡಲ್ ಮೇಲಿನ ಬ್ರೇಕ್ ಲೈಟ್ ಸ್ವಿಚ್.

ಕಾಲು ಒತ್ತಿದಾಗ ಈ ಸ್ವಿಚ್ಚಿನಿಂದ ಕರೆಂಟು ಹಿಂದಿನ ಲೈಟಿಗೆ ಹೋಗುತ್ತದೆ. ಎಷ್ಟೋ ಗಾಡಿಗಳಲ್ಲಿ ಲಿವರ್ ಕೆಳಗಿನ ಸೊಲೆನಾಯ್ಡಿಗೂ (ಕರೆಂಟು ಬಂದರೆ ಲಾಕಿನ ಪಿನ್ ಎಳೆಯುವ ಸುರುಳಿ) ಸುದ್ದಿ ಮುಟ್ಟುವುದು ಇದರಿಂದಲೇ. ಸೊಲೆನಾಯ್ಡ್ ಟಕ್ ಅಂತ ಪಿನ್ ಎಳೆದುಕೊಂಡರೆ ಲಿವರ್ ಬಿಡುಗಡೆ. ಇಲ್ಲಿ ಆ ಸದ್ದೇ ಇರಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಕನೆಕ್ಟರ್ ಬಿಚ್ಚಿದೆ. ಎರಡೇ ವೈರು. ಒಂದರಲ್ಲಿ 12 ವೋಲ್ಟ್ ಬರುತ್ತಿತ್ತು. ಸಣ್ಣ ತಂತಿಯಿಂದ ಎರಡನ್ನೂ ಕೂಡಿಸಿದ ಕೂಡಲೇ ಹಿಂದೆ ಮೂರೂ ಲೈಟ್ ಹತ್ತಿದವು, ಲಿವರ್ ಬುಡದಲ್ಲಿ ಟಕ್ ಅಂತು. "ಬಂತು ನೋಡ್ರಿ!" ಅಂತ ಮಾಸ್ತರರು ತಾವೇ ಲಿವರನ್ನು ರಿವರ್ಸಿನ ಆರ್‌ಗೆ ಎಳೆದರು.

ಅವರ ಮಗ ಲಿವರ್ ಪಕ್ಕದ ಸಣ್ಣ ಮುಚ್ಚಳ ತೆಗೆದು, ಕೀ ತೂರಿಸಿ ಲಾಕ್ ಬಿಡಿಸಿ ಗಾಡಿ ಅಂಗಡಿಗೆ ತರುತ್ತೇನೆಂದು ನಿನ್ನೆಯೇ ಹಟ ಹಿಡಿದಿದ್ದನಂತೆ. ಆ ಉಪಾಯ ಇರುವುದು ನಿಜ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡೇ ಮಾಡಬೇಕು. ಆದರೆ ಬ್ರೇಕ್ ಲೈಟ್ ಸತ್ತ ಗಾಡಿಯನ್ನು ಸೇಡಂ ರಸ್ತೆಗೆ ತರುವುದೆಂದರೆ? ಹಿಂದೆ ಬರುವ ಸಿಮೆಂಟ್ ಲಾರಿಯವನಿಗೆ ನೀವು ನಿಲ್ಲಿಸುತ್ತಿದ್ದೀರೆಂದು ಹೇಗೆ ತಿಳಿಯಬೇಕು? ಬೇಡಪ್ಪಾ ಅಂದೆ.

ಲೈಟ್ ಹತ್ತಿಯೂ ಟಕ್ ಅನ್ನದಿದ್ದರೆ ಸೊಲೆನಾಯ್ಡ್, ಅದರ ವೈರು ನೋಡಬೇಕು. ಕನ್ಸೋಲಿನೊಳಗೆ ಚಹಾ ಚೆಲ್ಲಿ ಅಂಟು ಹಿಡಿದದ್ದನ್ನೂ ಕಂಡಿದ್ದೇನೆ. ಟಕ್ ಅಂದೂ ಲಿವರ್ ಬಿಗಿಯಾಗಿದ್ದರೆ, ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಇಲ್ಲದೆ ನಿಲ್ಲಿಸಿದ್ದೀರೇನೋ ನೋಡ್ರಿ, ಗಾಡಿಯ ಭಾರವೆಲ್ಲ ಗೇರ್ ಬಾಕ್ಸಿನೊಳಗಿನ ಪಾರ್ಕಿಂಗ್ ಕೊಂಡಿ ಮೇಲೆ ಬಿದ್ದಿರುತ್ತದೆ.

ಇದಕ್ಕೆ ಉಲ್ಟಾ ದೋಷ ನನಗೆ ಇನ್ನೂ ಭಯ. ಪೆಡಲಿನ ಪ್ಲಾಸ್ಟಿಕ್ ಗುಂಡಿ ಹಳತಾಗಿ ಪುಡಿಯಾದರೆ ಸ್ವಿಚ್ ಸದಾ ಆನ್. ಲೈಟ್ ಆರುವುದೇ ಇಲ್ಲ, ಬ್ಯಾಟರಿ ಇಳಿಯುತ್ತದೆ, ಕೀ ಆನ್ ಇದ್ದರೆ ಬ್ರೇಕ್ ಒತ್ತದೆಯೂ ಲಿವರ್ ಸರಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಒಂದು ದಿನವೂ ಇದನ್ನು ಹಾಗೇ ಬಿಡಬಾರದು.

ನಮ್ಮೂರ ಪೇಟೆಯಾದ ಸೂಪರ್ ಮಾರ್ಕೆಟ್‌ನಿಂದ ಸಂಜೆಗೆ ಹೊಸ ಸ್ವಿಚ್ ಬಂತು. ಹಾಕಿ, ಕಾಲು ತೆಗೆದಾಗ ಲೈಟ್ ಆರುವುದನ್ನೂ ಖಾತ್ರಿ ಮಾಡಿಕೊಂಡೇ ಕೀ ಅವರ ಕೈಗೆ ಕೊಟ್ಟೆ.