ಸಭೆ ಮುಗಿದ ಮೇಲಿನ ಅರ್ಧ ಗಂಟೆ

ಕಲಬುರಗಿಯಲ್ಲಿ ಕುಡಿತ ಬಿಟ್ಟವರೇ ಸೇರಿ ನಡೆಸುವ ಸಂಜೆ ಸಭೆಗೆ ಚಿಂಚೋಳಿ ಕಡೆಯವರೊಬ್ಬರು ತಮ್ಮ ಅಕ್ಕನ ಮಗನನ್ನು ಕರೆತಂದಿದ್ದರು. ಹುಡುಗನಿಗೆ 16 ವರ್ಷ. "ಇಲ್ಲೇ ಬಿಟ್ಟು ಹೋಗ್ತೀನ್ರೀ, ಒಂಬತ್ತಕ್ಕ ಬಂದು ಕರ್ಕೊಂಡು ಹೋಗ್ತೀನಿ" ಅಂದರು. ಬಾಗಿಲ ಹತ್ತಿರ ಕೂತಿದ್ದ ಹಿರಿಯ ಸದಸ್ಯರು ಒಪ್ಪಲಿಲ್ಲ. "ಒಬ್ಬನ್ನೇ ಬಿಟ್ಟು ಹೋಗೂದು ಆಗಂಗಿಲ್ರೀ ಅಣ್ಣಾರ. ನೀವೂ ಕೂಡ್ರಿ, ಇಲ್ಲಂದ್ರ ಅವರವ್ವಗ ಕರೀರಿ." ಸೋದರಮಾವನಿಗೆ ಸಿಟ್ಟು ಬಂತು. ಟ್ಯೂಷನ್‌ಗೆ ಬಿಟ್ಟು ಹೋದ ಹಾಗೆಯೇ ಇದೂ ಅಂತ ಅವರ ಎಣಿಕೆ.

ಇಂಥ ಸಭೆಗಳ ರೀತಿಯೇ ಬೇರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಮಾದರಿಯಲ್ಲಿ ಸದಸ್ಯನಾಗಲು ಬೇಕಿರುವುದು ಕುಡಿತ ಬಿಡುವ ಆಸೆ ಒಂದೇ. ಅರ್ಜಿ ಇಲ್ಲ, ಪ್ರವೇಶ ಶುಲ್ಕ ಇಲ್ಲ, ಪೂರ್ತಿ ಹೆಸರೂ ಕೇಳುವುದಿಲ್ಲ. ಪ್ರತಿ ಗುಂಪೂ ಸ್ವತಂತ್ರ. ಕುಡುಕ ನಾಚಿಕೆ ಬಿಟ್ಟು ಒಳಗೆ ಬರುವುದೇ ಈ ಸಡಿಲಿಕೆಯಿಂದ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತವನ ಹಿಂದುಮುಂದು ಯಾರಿಗೂ ಗೊತ್ತಿರದಿರುವುದಕ್ಕೂ ಇದೇ ಕಾರಣ. ದೊಡ್ಡವರು ತಮ್ಮ ಜೋಪಾನ ತಾವು ಮಾಡಿಕೊಳ್ಳುತ್ತಾರೆ. ಹದಿನಾರರ ಹುಡುಗನಿಗೆ ಅದು ಆಗುವುದಿಲ್ಲ.

ಹಿರಿಯರು ಮೊದಲು ಕೇಳಿದ್ದು ಹುಡುಗನ ಹೆಸರಲ್ಲ, ಕಡೆಯ ಸಲ ಕುಡಿದದ್ದು ಯಾವಾಗ ಎಂದು. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. 48ರಿಂದ 72 ಗಂಟೆ ಹೊತ್ತಿಗೆ ದಿಕ್ಕುತಪ್ಪಿ ಬಡಬಡಿಸುವ ಸ್ಥಿತಿ ಬರಬಹುದು, ಜೀವಕ್ಕೂ ಅಪಾಯ. ಕುಡಿದದ್ದು ಏನು ಅನ್ನುವುದೂ ಮುಖ್ಯ: ರಾಯಚೂರು ಕಡೆಯ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ತರುವ ರಾಸಾಯನಿಕ) ಇದ್ದರೆ ಅದನ್ನು ಬಿಡಿಸುವ ದಾರಿಯೂ ಡಾಕ್ಟರದ್ದೇ. ಇದು ಮಾತಿನಿಂದ ಹೋಗುವ ಜಡ್ಡಲ್ಲ, ಮೊದಲು ಆಸ್ಪತ್ರೆ. ದಾರಿ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬೇಕು. ಮಾನಸಿಕ ಆರೋಗ್ಯ ಕೇಂದ್ರಕ್ಕೆ ಸೇರಿಸುವುದಾದರೆ 18ರೊಳಗಿನವರನ್ನು ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ಮನೆಯವರು ಇಲ್ಲವೇ ಅವರು ನೇಮಿಸಿದವರು ಜತೆಗಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಾಗೆ ಹೇಳುತ್ತದೆ.

ಅಪ್ಪ ಕುಡಿಯುತ್ತಾನೆಂದು ಮಗನನ್ನು ಇಲ್ಲಿಗೆ ಕಳಿಸುವವರೂ ಇದ್ದಾರೆ. ಅದು ತಪ್ಪು ಬಾಗಿಲು. ಅಂಥ ಹದಿಹರೆಯದವರಿಗೆಂದೇ 1957ರಲ್ಲಿ ಆಲಟೀನ್ ಎಂಬ ಗುಂಪು ಶುರುವಾಯಿತು. ಅಲ್ಲಿ ನಡೆಸುವ ದೊಡ್ಡವರಿಗೆ ಸಂಘಟನೆಯ ಪ್ರಮಾಣೀಕರಣ ಬೇಕೇ ಬೇಕು.

ಸೋದರಮಾವ ಕೊನೆಗೆ ಕೂತರು. ಸಭೆ ಚೆನ್ನಾಗಿಯೇ ನಡೆಯಿತು. ಹತ್ತು ಜನರ ಎದುರು ಕೆಟ್ಟದ್ದು ನಡೆಯುವುದು ಅಪರೂಪ. ಮುಗಿದ ಮೇಲಿನ ಅರ್ಧ ಗಂಟೆಯೇ ನಾಜೂಕು: ಚಹಾ, ಬಾಗಿಲ ಹೊರಗಿನ ಮಾತು, ಫೋನ್ ನಂಬರ್, ಗಾಡಿ. ಅವತ್ತೂ ನಲವತ್ತು ದಾಟಿದ ಒಬ್ಬ ಸದಸ್ಯ, "ತಮ್ಮಾ, ನನ್ನ ನಂಬರ್ ಇಟ್ಕೋ. ರಾತ್ರಿ ಎಷ್ಟೊತ್ತಿಗಾದ್ರೂ ಹಚ್ಚು. ನಾಳಿಂದ ನನ್ನ ಗಾಡಿ ಮ್ಯಾಲೇ ಬರೂವಂತಿ" ಅಂದ. ಹಿರಿಯರು ಅಲ್ಲೇ ತಡೆದರು. ಅವನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ. ನಿಯಮ ಮುಖ ನೋಡಿ ಮಾಡಿದ್ದಲ್ಲ. ಹುಡುಗನ ಜತೆ ಒಂಟಿಯಾಗಿ ಯಾರೂ ಗಾಡಿಯಲ್ಲಿ ಹೋಗುವಂತಿಲ್ಲ. ಫೋನ್ ಮಾತು ಅವ್ವನ ನಂಬರಿನ ಮೂಲಕ, ಮೆಸೇಜ್ ಆದರೆ ಮನೆಯವರು ಮತ್ತು ಇಬ್ಬರು ಹಿರಿಯರಿರುವ ಗುಂಪಿನಲ್ಲಿ. ದುಡ್ಡು, ಮೊಬೈಲ್, ಕೆಲಸ ಕೊಡಿಸುವ ಮಾತು ಬೇಡ. ಹುಡುಗಿಯಾದರೆ ಮಾರ್ಗದರ್ಶಿ, ಅಂದರೆ ಹೊಸಬರಿಗೆ ದಾರಿ ತೋರುವ ಹಳೆಯ ಸದಸ್ಯರು, ಹೆಂಗಸೇ ಆಗಬೇಕು. ಹುಡುಗರಿಗೆ ಗಂಡಸು ಮಾರ್ಗದರ್ಶಿಯಾದರೆ ಚಿಂತೆಯಿಲ್ಲ ಅಂದುಕೊಳ್ಳುವುದೂ ಭ್ರಮೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಮಗು ಗಂಡೋ, ಹೆಣ್ಣೋ ಎಂದು ಭೇದ ಮಾಡಿಲ್ಲ. ಹೊಸಬರನ್ನು ಹಳಬರು ಬಲೆಗೆ ಹಾಕಿಕೊಳ್ಳುವುದಕ್ಕೆ ಈ ಗುಂಪುಗಳಲ್ಲೇ ಒಂದು ಕುಹಕದ ಹೆಸರಿದೆ, ಹದಿಮೂರನೇ ಹೆಜ್ಜೆ. ಕುಡಿತ ಬಿಡುವ ಈ ದಾರಿಯಲ್ಲಿ ನಿಜಕ್ಕೂ ಇರುವ ಹೆಜ್ಜೆ ಹನ್ನೆರಡೇ.

"ಇಲ್ಲಿಂದು ಇಲ್ಲೇ ಇರಬೇಕು" ಎಂಬ ಮಾತಿಗೂ ಮಿತಿ ಬೇಕು. ಕುಡಿತದ ಕಥೆ ಗುಟ್ಟು, ಅಪರಾಧ ಗುಟ್ಟಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು, ಆಗಬಹುದೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಹುಡುಗನಿಗೆ ಕುಡಿಸಿದವರ ಮೇಲೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಬೇರೆ ಇದೆ: 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ.

ಗುಂಪಿನ ಒಳಗೇ "ಬುದ್ಧಿ ಹೇಳಿ" ಮುಗಿಸುವುದರಿಂದ ಆರೋಪಿ ಮುಂದಿನ ವಾರ ಇನ್ನೊಂದು ಊರಿನ ಸಭೆಯಲ್ಲಿ ಕೂತಿರುತ್ತಾನೆ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ನಂಬರ್ 112ಕ್ಕೆ ಫೋನ್ ಮಾಡಬೇಕು, ಇಲ್ಲವೇ ಹತ್ತಿರದ ಠಾಣೆಗೆ ಹೋಗಬೇಕು. ಠಾಣೆಯಲ್ಲಿ ದೂರನ್ನು ಬರೆದುಕೊಂಡು, ಓದಿ ಹೇಳಿ, ನಮೂದು ಸಂಖ್ಯೆ ಹಾಕಬೇಕು. ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಹೇಳಿಕೆಯನ್ನು ಹುಡುಗನ ಮನೆಯಲ್ಲೇ ತೆಗೆದುಕೊಳ್ಳಲು ಅವಕಾಶವಿದೆ. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.