ನಡುಗೆರೆಯ ಮೂರು ದಾಟುಗಳು

ತೊಗಲಿನ ಮೇಲೆ ಹೆಣಿಗೆಯ ನಕ್ಷೆ ಕೊರೆಯುತ್ತಿದ್ದೇನೆ. ನಾಲ್ಕನೆಯ ತುಂಡಿನಲ್ಲಿ ಎಳೆ ಕೊನೆಗೂ ಸರಿಯಾಗಿ ಹೆಣೆದುಕೊಂಡಿತು!

ಮೊದಲ ತುಂಡು ಹಾಳಾದದ್ದು ವ್ಯಾಪಾರಿಯಿಂದ. ತೊಗಟೆಯಿಂದ ಹದ ಮಾಡಿದ ತೊಗಲು ಎಂದು ಹಣ ಪಡೆದು ಕ್ರೋಮ್ ಲವಣದಿಂದ ಹದ ಮಾಡಿದ್ದನ್ನು ಕಳುಹಿಸಿದ್ದ. ಅಂಚು ಕತ್ತರಿಸಿದರೆ ಒಳಗೆ ನೀಲಿ ಛಾಯೆ. ಎಷ್ಟು ತೇವ ಮಾಡಿದರೂ ಒತ್ತಿದ ಗುರುತು ನಿಲ್ಲಲಿಲ್ಲ. ಇದು ಮೋಸವೇ.

ಮುಂದಿನ ಎರಡನ್ನು ಕೆಡಿಸಿದ್ದು ನಕ್ಷೆ. ಅಗಲಕ್ಕೆ 4, ಉದ್ದಕ್ಕೆ 7 ಚೌಕಗಳ ಕೆಲ್ಟಿಕ್ ಹೆಣಿಗೆ, ಅಂದರೆ ಎಳೆಗಳು ಒಂದರ ಮೇಲೊಂದು ಹಾಯುತ್ತ ಹೆಣೆದುಕೊಳ್ಳುವ ವಿನ್ಯಾಸ. 4 ಮತ್ತು 7ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಇಡೀ ಪಟ್ಟಿ ಒಂದೇ ಎಳೆ. 4 ಮತ್ತು 6 ಆಗಿದ್ದರೆ ಎರಡಾಗುತ್ತಿತ್ತು. ಆ ಒಂದು ಎಳೆ ತನ್ನನ್ನೇ 45 ಕಡೆ ದಾಟುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಪಟ್ಟಿಯ ಉದ್ದವನ್ನು ಅಡ್ಡಕ್ಕೆ ಮಲಗಿಸಿ ಎಡ ಅರ್ಧವನ್ನು ಬರೆದು, ಟ್ರೇಸಿಂಗ್ ಕಾಗದವನ್ನು ಮಗುಚಿ ಬಲ ಅರ್ಧವನ್ನು ಮೂಡಿಸಿದ್ದೆ. ತೊಗಲು ಕೊರೆಯುವ ಸ್ವಿವೆಲ್ ಚಾಕು ಎರಡು ಅರ್ಧಗಳ ನಡುಗೆರೆ ದಾಟಿದೊಡನೆ ಎಳೆ ಸತತ ಎರಡು ಸಲ ಮೇಲೆ ಬಂತು. ಕೊಯ್ದ ತೊಗಲು ಮತ್ತೆ ಕೂಡಿಕೊಳ್ಳುವುದಿಲ್ಲ. ಕೈತಪ್ಪೆಂದುಕೊಂಡು ಮೂರನೆಯದನ್ನು ಇನ್ನೂ ನಿಧಾನವಾಗಿ ಕೊಯ್ದೆ. ಅದೇ ಜಾಗ, ಅದೇ ತಪ್ಪು.

ಉತ್ತರ ಸಿಕ್ಕಿದ್ದು ಬಾಗಿಲ ಮುಂದಿನ ಚುಕ್ಕಿ ರಂಗೋಲಿಯ ಮುಂದೆ. ಎಡಕ್ಕೆ ಎಳೆದದ್ದನ್ನೇ ಬಲಕ್ಕೆ ಕನ್ನಡಿಯಂತೆ ಎಳೆಯುವುದು ನನಗೆ ಅಲ್ಲಿಂದ ಬಂದ ಅಭ್ಯಾಸ. ರಂಗೋಲಿಯಲ್ಲಿ ಗೆರೆಗಳು ಕೂಡುತ್ತವೆ, ಒಂದರ ಮೇಲೊಂದು ಏರುವುದಿಲ್ಲ. ಹೆಣಿಗೆಯಲ್ಲಿ ಏರುತ್ತವೆ. ನಡುಗೆರೆಯ ಮೇಲೆಯೇ ಮೂರು ದಾಟುಗಳಿವೆ. ಪ್ರತಿಯೊಂದರಲ್ಲೂ ಒಂದು ಎಳೆ ಮೇಲಿದೆ. ಕನ್ನಡಿಯಲ್ಲಿ ಅದೇ ಎಳೆ ಕೆಳಗಿರಬೇಕಾಗುತ್ತದೆ, ಅದು ಆಗದ ಮಾತು. ಕಾಗದವನ್ನು ಮಗುಚದೆ, ಮಧ್ಯಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿದೆ. 45 ದಾಟುಗಳೂ ಸರಿಹೋದವು. ಹೊರ ಆಕಾರ ಕನ್ನಡಿಗೂ ಒಪ್ಪುತ್ತದೆ, ಒಳಗಿನ ಹೆಣಿಗೆ ತಿರುಗುವಿಕೆಗೆ ಮಾತ್ರ ಒಪ್ಪುತ್ತದೆ. ಈ ಸೊಬಗು ಎರಡು ತುಂಡುಗಳ ಬೆಲೆಗೆ ಖಂಡಿತ ಹೆಚ್ಚು.

ಮುಂದಿನದು ಈಗಲೇ ತಲೆಯಲ್ಲಿದೆ: 8ನೆಯ ಶತಮಾನದ ಆರಂಭದ ಸೇಂಟ್ ಕತ್ಬರ್ಟ್ ಸುವಾರ್ತೆ ಎಂಬ ಕೈಬರಹದ ಪುಸ್ತಕದ ಕೆಂಪು ಮೇಕೆತೊಗಲಿನ ರಟ್ಟು. ಆ ಪುಸ್ತಕ 1104ರಲ್ಲಿ ಇಂಗ್ಲೆಂಡಿನ ಡರ್‌ಹ್ಯಾಮ್‌ನಲ್ಲಿ ಸಂತ ಕತ್ಬರ್ಟ್‌ನ ಶವಪೆಟ್ಟಿಗೆಯೊಳಗೆ ಸಿಕ್ಕಿತು. 2012ರಲ್ಲಿ ಬ್ರಿಟಿಷ್ ಲೈಬ್ರರಿ ಅದನ್ನು 90 ಲಕ್ಷ ಪೌಂಡ್ ಕೊಟ್ಟು ಪಡೆಯಿತು. ಅದರ ಮುಂಬದಿಯ ರಟ್ಟಿನ ನಡುವೆ ಉಬ್ಬಿದ ಬಳ್ಳಿ, ಅದರ ಮೇಲೂ ಕೆಳಗೂ ಹೆಣಿಗೆಯ ಪಟ್ಟಿ, ಕೊರೆದ ಗೆರೆಗಳಲ್ಲಿ ಬಣ್ಣ. ಅಷ್ಟು ತೆಳು ತೊಗಲಿನಡಿ ಬಳ್ಳಿಯನ್ನು ಉಬ್ಬಿಸುವುದನ್ನು ಮೊದಲು ಚೂರುಗಳ ಮೇಲೆ ಕಲಿಯಬೇಕು.

ಇವತ್ತು ಬೆವೆಲರ್ ಎಂಬ ಒತ್ತುವ ಉಪಕರಣ ಹಿಡಿದು ಕೆಳಗೆ ಹೋಗುವ ಎಳೆಯ ಬದಿಯನ್ನಷ್ಟೇ ತಗ್ಗಿಸುತ್ತಿದ್ದೇನೆ. 45ರಲ್ಲಿ 31 ಮುಗಿದಿವೆ.